ಹೃದಯದ ಲಯವೂ ರಕ್ತದ ಬಲವೂ

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಶೇಂಗಾ ಹೊಲ, ಎಣ್ಣೆ ಗಿರಣಿ, ಕಂಬಳಿ ನೇಯ್ಗೆ, ರೇಷ್ಮೆ ಸೀರೆಯ ಕೈಮಗ್ಗ ಇವೇ ಇಲ್ಲಿನ ಜನರ ಕಾಯಕ. ಬಿಸಿಲಿನಲ್ಲಿ ದುಡಿದು ಬದುಕುವ ಇಂಥ ಸೀಮೆಯಲ್ಲಿ ಆಯಾಸವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಂದರೂ, ರಾತ್ರಿ ಮಲಗಿದಾಗ ಎದೆ ಡವಗುಟ್ಟಿದರೂ, ‘ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ’ ಎಂದು ಸಮಾಧಾನ ಮಾಡಿಕೊಳ್ಳುವವರೇ ಹೆಚ್ಚು.

ಆ ಆಯಾಸದ ಹಿಂದೆ ಎರಡು ಕಾಯಿಲೆಗಳು ಅಡಗಿರಬಹುದು. ಒಂದು, ಹೃದಯದ ಬಡಿತ ಲಯ ತಪ್ಪುವುದು. ಇನ್ನೊಂದು, ರಕ್ತಹೀನತೆ. ಎರಡರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದರ ನೆರಳಿನಲ್ಲಿ ಮತ್ತೊಂದು ಮರೆಯಾಗುತ್ತದೆ. ಹೃದಯದ ಲಯಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದವರೂ ರಕ್ತಹೀನತೆಯನ್ನು ಹಾಗೆಯೇ ಉಳಿಸಿಕೊಂಡರೆ ಆ ಚಿಕಿತ್ಸೆಯ ಫಲ ಪೂರ್ಣವಾಗಿ ಅವರಿಗೆ ದಕ್ಕುವುದಿಲ್ಲ. ಸದ್ಭಕ್ತರು ಈ ಸಂಬಂಧವನ್ನು ಅರಿತು, ತಮ್ಮ ಮನೆಯ ಹಿರಿಯರ ವಿಷಯದಲ್ಲಿ ಎಚ್ಚರ ವಹಿಸಲಿ ಎಂಬುದು ಈ ಲೇಖನದ ಉದ್ದೇಶ.

ಲಯ ತಪ್ಪಿದ ಹೃದಯ

ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದಲ್ಲಿರುವ ಒಂದು ಪುಟ್ಟ ಗಂಟಿನಿಂದ ಹೊರಡುವ ವಿದ್ಯುತ್ ಸಂಕೇತವು ಕ್ರಮವಾಗಿ ಹರಿದು, ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಹೃದಯ ಸಮವಾಗಿ ಮಿಡಿಯುವಂತೆ ಮಾಡುತ್ತದೆ. ಹೃತ್ಕರ್ಣಗಳಲ್ಲಿ ಈ ಸಂಕೇತಗಳು ಅಡ್ಡಾದಿಡ್ಡಿಯಾಗಿ ಎದ್ದಾಗ ಆ ಕೋಣೆಗಳು ಸಂಕುಚಿಸುವುದನ್ನು ಬಿಟ್ಟು ಕೇವಲ ಕಂಪಿಸತೊಡಗುತ್ತವೆ. ನಾಡಿ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ, ಯಾವ ಕ್ರಮವೂ ಇಲ್ಲದೆ ಮಿಡಿಯುತ್ತದೆ. ವೈದ್ಯರು ಇದನ್ನು ‘ಏಟ್ರಿಯಲ್ ಫಿಬ್ರಿಲೇಷನ್’ ಎನ್ನುತ್ತಾರೆ. ಇದನ್ನು ಹೃತ್ಕರ್ಣ ಕಂಪನವೆಂದು ಕರೆಯೋಣ.

ಇದರ ದೊಡ್ಡ ಅಪಾಯವೆಂದರೆ ಪಾರ್ಶ್ವವಾಯು. ಕಂಪಿಸುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದು ಮಿದುಳಿನ ರಕ್ತನಾಳವನ್ನು ಸೇರಿದರೆ ಲಕ್ವ ಹೊಡೆಯುತ್ತದೆ. ಹೃತ್ಕರ್ಣ ಕಂಪನವಿರುವವರಲ್ಲಿ ಈ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯಿಡ್ ದೋಷ, ಮದ್ಯಪಾನ, ಬೊಜ್ಜು ಇವು ಇದರ ಸಾಮಾನ್ಯ ಕಾರಣಗಳು. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಉಂಟು. ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೇ ಬಂದ ಕೀಲುವಾತದ ಜ್ವರ ಹೃದಯದ ಕವಾಟವನ್ನು ಕಿರಿದಾಗಿಸಿ, ಮೂವತ್ತು ನಲವತ್ತರ ವಯಸ್ಸಿನಲ್ಲೇ ಲಯ ತಪ್ಪುವಂತೆ ಮಾಡುತ್ತದೆ. ಇಂಥವರಲ್ಲಿ ಮಹಿಳೆಯರೇ ಹೆಚ್ಚು.

ಬಲ ಕುಂದಿದ ರಕ್ತ

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಅಂಶ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ತಲುಪಿಸುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಇದು ಗಂಡಸರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಅದೇ ವಯಸ್ಸಿನ ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತ್ತು.

ಕಬ್ಬಿಣಾಂಶದ ಕೊರತೆ ಇದರ ಮುಖ್ಯ ಕಾರಣ. ಬಿ12 ಜೀವಸತ್ವದ ಕೊರತೆ, ಫೋಲಿಕ್ ಆಮ್ಲದ ಕೊರತೆ, ಬರಿಗಾಲಿನ ಮೂಲಕ ದೇಹ ಸೇರುವ ಕೊಕ್ಕೆಹುಳು, ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ, ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇವೂ ಕಾರಣಗಳಾಗಬಹುದು. ಆದ್ದರಿಂದ ರಕ್ತಹೀನತೆಯನ್ನು ಒಂದು ಸೂಚನೆಯೆಂದು ತಿಳಿದು, ಒಳಗೆ ಯಾವುದೋ ಕೊರತೆ ಅಥವಾ ಸೋರಿಕೆ ಇದೆಯೆಂದು ಅದರ ಮೂಲವನ್ನು ಹುಡುಕಬೇಕು.

ಎರಡೂ ಒಂದಾದಾಗ

ಕೆರೆಯಲ್ಲಿ ನೀರು ಕಡಿಮೆಯಾದಾಗ ಏತ ಹೊಡೆಯುವವನ ಶ್ರಮ ಹೆಚ್ಚುತ್ತದೆ. ಹಾಗೆಯೇ ರಕ್ತದಲ್ಲಿ ಹಿಮೋಗ್ಲೋಬಿನ್ ಕುಂದಿದಾಗ ಅಷ್ಟೇ ಆಮ್ಲಜನಕವನ್ನು ಪೂರೈಸಲು ಹೃದಯ ಹೆಚ್ಚು ಸಲ, ಹೆಚ್ಚು ಬಿರುಸಾಗಿ ಮಿಡಿಯಬೇಕಾಗುತ್ತದೆ. ಈ ಶ್ರಮ ವರ್ಷಗಟ್ಟಲೆ ಮುಂದುವರಿದರೆ ಹೃದಯದ ಕೋಣೆಗಳು ಹಿಗ್ಗುತ್ತವೆ. ಹಿಗ್ಗಿದ ಹೃತ್ಕರ್ಣದಲ್ಲಿ ಲಯ ತಪ್ಪುವ ಸಂಭವವೂ ಹೆಚ್ಚು. ಇತ್ತ ಲಯ ತಪ್ಪಿದ ಹೃದಯ ಪ್ರತಿ ಮಿಡಿತಕ್ಕೂ ಹೊರಹಾಕುವ ರಕ್ತವೇ ಕಡಿಮೆ. ಹೀಗೆ ರಕ್ತದ ಗುಣವೂ ಕುಂದಿ, ಪ್ರಮಾಣವೂ ಕುಂದಿದಾಗ ದೇಹ ಬೇಗ ಸೋಲುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಔಷಧದ್ದು. ಹೃತ್ಕರ್ಣ ಕಂಪನವಿರುವ ಹೆಚ್ಚಿನವರಿಗೆ ಹೆಪ್ಪು ತಡೆಯಲು ರಕ್ತ ತೆಳುವಾಗಿಸುವ ಮಾತ್ರೆ ಬೇಕಾಗುತ್ತದೆ. ವಾರ್ಫರಿನ್, ನಿಕೌಮಲೋನ್, ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಈ ಬಗೆಯವು. ಕರುಳಿನಲ್ಲಿ ಮೊದಲೇ ಸಣ್ಣ ಹುಣ್ಣಿದ್ದರೆ ಈ ಮಾತ್ರೆಯಿಂದ ಅಲ್ಲಿನ ಸ್ರಾವ ಹೆಚ್ಚುತ್ತದೆ. ಪಾರ್ಶ್ವವಾಯುವಿನಿಂದ ಕಾಯುವ ಔಷಧವೇ ರಕ್ತವನ್ನು ಸೋರಿಸುವ ಸ್ಥಿತಿ ಬರುತ್ತದೆ.

2011ರಲ್ಲಿ ಪ್ರಕಟವಾದ ಅರಿಸ್ಟಾಟಲ್ ಎಂಬ ದೊಡ್ಡ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಹೃತ್ಕರ್ಣ ಕಂಪನವಿದ್ದ 18,201 ರೋಗಿಗಳು ಪಾಲ್ಗೊಂಡಿದ್ದರು. ಅವರಲ್ಲಿ ಸರಿಸುಮಾರು ಎಂಟು ಮಂದಿಗೊಬ್ಬರಂತೆ ರಕ್ತಹೀನತೆಯಿತ್ತು. ಅವರನ್ನು ಪ್ರತ್ಯೇಕವಾಗಿ ಗಮನಿಸಿದಾಗ ತೀವ್ರ ರಕ್ತಸ್ರಾವವೂ ಸಾವೂ ಉಳಿದವರಿಗಿಂತ ಹೆಚ್ಚಿದ್ದುದು ತಿಳಿಯಿತು. ಇಲ್ಲಿ ಒಂದು ವಿವೇಕ ಅಗತ್ಯ. ರಕ್ತಹೀನತೆಯಿರುವವರಲ್ಲಿ ಮೂತ್ರಪಿಂಡದ ದೋಷ, ಮುಪ್ಪು, ಬೇರೆ ಕಾಯಿಲೆಗಳೂ ಹೆಚ್ಚು. ಆದ್ದರಿಂದ ಎಲ್ಲ ಕೆಡುಕಿಗೂ ರಕ್ತಹೀನತೆಯೊಂದೇ ಹೊಣೆ ಎನ್ನಲಾಗದು. ಆದರೆ ಅದು ಇದ್ದಲ್ಲಿ ಹೆಚ್ಚಿನ ನಿಗಾ ಬೇಕೆಂಬುದರಲ್ಲಿ ಅನುಮಾನವಿಲ್ಲ.

ಲಯ ಸರಿಪಡಿಸುವ ಚಿಕಿತ್ಸೆ

ಹೃತ್ಕರ್ಣ ಕಂಪನಕ್ಕೆ ಮೂರು ಬಗೆಯ ಚಿಕಿತ್ಸೆಗಳಿವೆ. ಮೊದಲನೆಯದು, ವೇಗವನ್ನು ಹತೋಟಿಯಲ್ಲಿಡುವ ಅಥವಾ ಲಯವನ್ನು ಕಾಯ್ದುಕೊಳ್ಳುವ ಮಾತ್ರೆಗಳು. ಎರಡನೆಯದು, ರೋಗಿಗೆ ಮಂಪರು ಬರಿಸಿ ಎದೆಗೆ ಅಳತೆಯ ವಿದ್ಯುತ್ ಆಘಾತ ನೀಡಿ ಲಯವನ್ನು ಮರಳಿಸುವುದು. ಮೂರನೆಯದು, ಅಬ್ಲೇಷನ್. ತೊಡೆಯ ಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯಕ್ಕೆ ತಲುಪಿಸಿ, ಅಡ್ಡಾದಿಡ್ಡಿ ಸಂಕೇತಗಳು ಹೊರಡುವ ಜಾಗವನ್ನು ಶಾಖದಿಂದಲೋ ಶೀತದಿಂದಲೋ ಪ್ರತ್ಯೇಕಿಸುವ ವಿಧಾನವಿದು. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳ ಬುಡದಿಂದಲೇ ಈ ಸಂಕೇತಗಳು ಹೆಚ್ಚಾಗಿ ಹುಟ್ಟುತ್ತವೆ ಎಂಬುದನ್ನು ಫ್ರಾನ್ಸಿನ ಬೋರ್ಡೊ ನಗರದ ವೈದ್ಯ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಇಂದಿನ ಅಬ್ಲೇಷನ್ ಚಿಕಿತ್ಸೆಗೆ ಅದೇ ಬುನಾದಿ.

ಅಬ್ಲೇಷನ್ ನಡೆಯುವಾಗ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧ ನೀಡಿರುತ್ತಾರೆ. ತೊಡೆಯ ಸಂದಿನಲ್ಲಿ ರಕ್ತ ಒಸರುವುದು, ಅಪರೂಪಕ್ಕೆ ಹೃದಯದ ಹೊರಚೀಲದಲ್ಲಿ ರಕ್ತ ತುಂಬುವುದು ಈ ಚಿಕಿತ್ಸೆಯ ತಿಳಿದಿರುವ ತೊಡಕುಗಳು. ಹಿಮೋಗ್ಲೋಬಿನ್ 13 ಇರುವವರು ತಾಳಿಕೊಳ್ಳುವ ರಕ್ತನಷ್ಟವನ್ನು 8 ಇರುವವರು ತಾಳಿಕೊಳ್ಳಲಾರರು. ಕಣಜದಲ್ಲಿ ಧಾನ್ಯವಿದ್ದವರಿಗೆ ಒಂದು ವರ್ಷದ ಬರ ದಾಟುವುದು ಸಾಧ್ಯ. ಕಣಜ ಬರಿದಾಗಿರುವವರಿಗೆ ಒಂದು ತಿಂಗಳೂ ಭಾರ. ಆದ್ದರಿಂದ ತುರ್ತಿಲ್ಲದ ಚಿಕಿತ್ಸೆಯಾದರೆ ಮೊದಲು ರಕ್ತಹೀನತೆಯ ಕಾರಣ ಹುಡುಕಿ, ಸರಿಪಡಿಸಿ, ಆನಂತರ ದಿನ ಗೊತ್ತುಮಾಡುವುದು ಒಳಿತು. ‘ರಕ್ತ ಕಡಿಮೆಯಿದೆ, ಒಂದು ತಿಂಗಳು ಬಿಟ್ಟು ಬನ್ನಿ’ ಎಂದು ವೈದ್ಯರು ಹೇಳಿದರೆ ಅದನ್ನು ಅಲೆದಾಟವೆಂದು ಬೇಸರಿಸದೆ ರಕ್ಷಣೆಯೆಂದು ತಿಳಿಯಬೇಕು.

ಚಿಕಿತ್ಸೆಗೆ ಮುನ್ನ ವೈದ್ಯರಲ್ಲಿ ವಿಚಾರಿಸಬೇಕಾದ ಪರೀಕ್ಷೆಗಳು ಇವು:

1. ಹಿಮೋಗ್ಲೋಬಿನ್ ಮತ್ತು ಪೂರ್ಣ ರಕ್ತಕಣ ಪರೀಕ್ಷೆ.
2. ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಮತ್ತು ಬಿ12 ಪರೀಕ್ಷೆ.
3. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್.
4. ಥೈರಾಯಿಡ್ ಪರೀಕ್ಷೆ. ಥೈರಾಯಿಡ್ ಅತಿಯಾದರೆ ಲಯ ತಪ್ಪುತ್ತದೆ. ಕಡಿಮೆಯಾದರೆ ಆಯಾಸ ಮತ್ತು ರಕ್ತಹೀನತೆ ಬರಬಹುದು.
5. ಗಂಡಸರಲ್ಲಿ ಹಾಗೂ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಜಠರ ಮತ್ತು ಕರುಳಿನ ಪರೀಕ್ಷೆ. ಅಲ್ಲಿ ಹುಣ್ಣೋ ಗಡ್ಡೆಯೋ ಇದ್ದು ರಕ್ತ ಸೋರುತ್ತಿರಬಹುದು.

ಮನೆಗೆ ಮರಳಿದ ಮೇಲೆ

ಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲಿನ ದಿನಗಳೇ ಹೆಚ್ಚು ಜೋಪಾನದವು. ಅಬ್ಲೇಷನ್ ಆದ ಮೊದಲ ಎರಡು ಮೂರು ತಿಂಗಳಲ್ಲಿ ಹೃದಯದ ಗಾಯ ಮಾಗುತ್ತಿರುತ್ತದೆ. ಆ ಅವಧಿಯಲ್ಲಿ ಆಗಾಗ ಲಯ ತಪ್ಪಿದರೂ ಚಿಕಿತ್ಸೆ ವಿಫಲವಾಯಿತೆಂದು ಎದೆಗುಂದಬೇಕಿಲ್ಲ. ಲಯ ಸರಿಯಾಯಿತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಬಿಡುವಂತೆಯೂ ಇಲ್ಲ. ಅಬ್ಲೇಷನ್ ನಂತರ ಕನಿಷ್ಠ ಎರಡರಿಂದ ಮೂರು ತಿಂಗಳು, ವಿದ್ಯುತ್ ಆಘಾತ ಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ವಾರ ಅದನ್ನು ಎಲ್ಲರೂ ಮುಂದುವರಿಸಬೇಕು. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವನ್ನು ಲೆಕ್ಕಹಾಕಿ ವೈದ್ಯರು ಹಲವರಿಗೆ ಜೀವನಪರ್ಯಂತ ಬೇಕೆಂದು ಹೇಳಬಹುದು.

ಹಳ್ಳಿಗಳಲ್ಲಿ ಅನಾಹುತ ನಡೆಯುವುದು ಸಾಮಾನ್ಯವಾಗಿ ಇಲ್ಲಿಯೇ. ಅರವತ್ತೈದರ ತಾಯಿಯೊಬ್ಬರು ಲಯದ ಚಿಕಿತ್ಸೆ ಪಡೆದು ಬಂದಿದ್ದಾರೆಂದು ಭಾವಿಸೋಣ. ಎರಡು ತಿಂಗಳಲ್ಲಿ ಮತ್ತೆ ಸುಸ್ತು ಕಾಣಿಸುತ್ತದೆ. ಮನೆಯವರು ‘ಹೃದಯದ ತೊಂದರೆ ಮರಳಿತು’ ಎಂದು ಗಾಬರಿಯಾಗುತ್ತಾರೆ. ಇಸಿಜಿಯಲ್ಲಿ ಲಯ ಸರಿಯಾಗಿಯೇ ಇರುತ್ತದೆ. ಹಿಮೋಗ್ಲೋಬಿನ್ ನೋಡಿದರೆ 8ಕ್ಕೆ ಇಳಿದಿರುತ್ತದೆ. ವಿಚಾರಿಸಿದಾಗ, ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗುತ್ತಿದ್ದುದು ಹೊರಬೀಳುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದಾಗ ಆ ಹುಣ್ಣಿನಿಂದ ರಕ್ತ ಸುಲಭವಾಗಿ ಸೋರುತ್ತದೆ. ಮಗ್ಗದ ಮುಂದೆ ದಿನವಿಡೀ ಕೂರುವವರು, ಹೊಲದಲ್ಲಿ ಬಾಗಿ ಶೇಂಗಾ ಕೀಳುವವರು ಬೆನ್ನು ಮಂಡಿ ನೋವಿಗೆ ಇಂಥ ಮಾತ್ರೆ ನುಂಗುವುದು ಸಾಮಾನ್ಯವಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ನೋವಿಗೆ ಯಾವ ಮಾತ್ರೆ ಸುರಕ್ಷಿತವೆಂದು ವೈದ್ಯರನ್ನೇ ಕೇಳಬೇಕು.

ಇದರ ಇನ್ನೊಂದು ಮುಖವೂ ಅಷ್ಟೇ ಅಪಾಯಕಾರಿ. ‘ರಕ್ತ ಕಡಿಮೆಯಾಗಿದೆ’ ಎಂದು ತಿಳಿದೊಡನೆ ಯಾರೋ ಆಪ್ತರು ‘ಆ ತೆಳುಮಾಡುವ ಮಾತ್ರೆ ಬಿಟ್ಟುಬಿಡಿ’ ಎಂದು ಸಲಹೆ ನೀಡುತ್ತಾರೆ. ಆ ಮಾತ್ರೆ ರಕ್ತದ ಹೆಪ್ಪುಗಟ್ಟುವ ಗುಣವನ್ನು ತಗ್ಗಿಸುತ್ತದೆಯೇ ಹೊರತು ಹಿಮೋಗ್ಲೋಬಿನ್ ಅನ್ನು ಕರಗಿಸುವುದಿಲ್ಲ. ಹೇಳದೆ ಕೇಳದೆ ಅದನ್ನು ನಿಲ್ಲಿಸಿದರೆ ಪಾರ್ಶ್ವವಾಯುವಿಗೆ ಬಾಗಿಲು ತೆರೆದಂತೆ. ಅರಿಸ್ಟಾಟಲ್ ಪರೀಕ್ಷೆಯಲ್ಲಿ ರಕ್ತಹೀನತೆಯಿದ್ದವರಿಗೂ ಇಲ್ಲದವರಿಗೂ ಅಪಿಕ್ಸಬಾನ್ ವಾರ್ಫರಿನ್‌ಗಿಂತ ಸಮಾನವಾಗಿ ಮೇಲೆನಿಸಿತ್ತು. ಪ್ರಮಾಣ ಬದಲಿಸಬೇಕೆ, ಬೇರೆ ಔಷಧ ಬೇಕೆ, ಜಠರರಕ್ಷಕ ಮಾತ್ರೆ ಸೇರಿಸಬೇಕೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಕೀಲುವಾತದ ಜ್ವರದಿಂದ ಕವಾಟ ಕಿರಿದಾದವರಿಗೆ ಇನ್ನೂ ಒಂದು ಕಿವಿಮಾತು. ಹೊಸ ಮಾತ್ರೆಗಳು ಅನುಕೂಲವೆಂದು ಅವರು ತಾವಾಗಿಯೇ ಬದಲಿಸಿಕೊಳ್ಳಬಾರದು. ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ 24 ದೇಶಗಳ ಸುಮಾರು 4,500 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಪರೀಕ್ಷೆಯಲ್ಲಿ, ಇಂಥವರಿಗೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಔಷಧವೇ ಮೇಲೆಂದು ಕಂಡುಬಂದಿತು. ಈ ಔಷಧ ಸೇವಿಸುವವರು ನಿಯಮಿತವಾಗಿ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ, ಅದನ್ನು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಿಸಿಕೊಳ್ಳಬೇಕು.

ಕಬ್ಬಿಣಾಂಶದ ಮಾತ್ರೆ ಮತ್ತು ಚುಚ್ಚುಮದ್ದು

ಕಬ್ಬಿಣದ ಕೊರತೆ ಖಚಿತವಾದರೆ ಮಾತ್ರೆಯೇ ಮೊದಲ ಹೆಜ್ಜೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮೂರು ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆಯೇ ಇದೆಯೆಂದು ಅರ್ಥ. ಅಳತೆ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಥೈರಾಯಿಡ್ ಮಾತ್ರೆ ಸೇವಿಸುವವರು ಎರಡರ ನಡುವೆ ನಾಲ್ಕು ಗಂಟೆ ಅಂತರವಿಡಬೇಕು.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಜಠರದಲ್ಲಿ ರಕ್ತ ಸೋರಿದಾಗಲೂ ಮಲ ಕಪ್ಪಾಗುತ್ತದೆ. ಟಾರಿನಂತೆ ಅಂಟಂಟಾಗಿ, ತೀವ್ರ ದುರ್ಗಂಧದಿಂದ ಕೂಡಿದ್ದರೆ, ಜೊತೆಗೆ ತಲೆಸುತ್ತು ಬಂದರೆ ಅದನ್ನು ಮಾತ್ರೆಯ ಪರಿಣಾಮವೆಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೃದಯದ ಪಂಪಿನ ಶಕ್ತಿಯೇ ಕುಂದಿ ಹೃದಯ ವೈಫಲ್ಯವಿದ್ದವರಿಗೆ ಮಾತ್ರೆ ಅಷ್ಟಾಗಿ ಫಲ ನೀಡುವುದಿಲ್ಲ. ಅವರಿಗೆ ರಕ್ತನಾಳದ ಮೂಲಕ ಕಬ್ಬಿಣಾಂಶ ನೀಡಿದಾಗ ನಡೆಯುವ ಶಕ್ತಿ ಮತ್ತು ಚೈತನ್ಯ ಹೆಚ್ಚುವುದನ್ನು 2009ರಲ್ಲಿ ಪ್ರಕಟವಾದ ಫೇರ್-ಎಚ್‌ಎಫ್ ಪರೀಕ್ಷೆ ತೋರಿಸಿತು. ಕೇವಲ ಲಯದ ದೋಷವಿರುವವರಲ್ಲಿ ರಕ್ತಹೀನತೆ ಸರಿಪಡಿಸಿದ ಮಾತ್ರಕ್ಕೆ ಲಯವೂ ತಾನಾಗಿ ನಿಲ್ಲುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ಉಸಿರು ಸರಾಗವಾಗಿ, ಬಲ ಮರಳಿ, ಔಷಧವನ್ನು ತಾಳಿಕೊಳ್ಳುವ ಶಕ್ತಿ ಬರುವುದೂ ಸಣ್ಣ ಲಾಭವಲ್ಲ.

ದಾಸೋಹದ ಎಲೆಯಲ್ಲೇ ಮದ್ದು

ಸಸ್ಯಾಹಾರದಲ್ಲಿರುವ ಕಬ್ಬಿಣಾಂಶವನ್ನು ದೇಹ ಅಲ್ಪ ಪ್ರಮಾಣದಲ್ಲಷ್ಟೇ ಹೀರಿಕೊಳ್ಳುತ್ತದೆ. ಆದ್ದರಿಂದ ತಿನ್ನುವುದರಷ್ಟೇ ಅದನ್ನು ತಿನ್ನುವ ಕ್ರಮವೂ ಮುಖ್ಯ. ನಮ್ಮ ಬಯಲುಸೀಮೆಯ ಊಟದಲ್ಲಿ ಸಂಪತ್ತಿಗೆ ಕೊರತೆಯಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 8 ಮಿಲಿಗ್ರಾಂ, ಸಜ್ಜೆಯಲ್ಲಿ ಸುಮಾರು 6, ರಾಗಿಯಲ್ಲಿ 4ಕ್ಕಿಂತ ತುಸು ಹೆಚ್ಚು ಕಬ್ಬಿಣಾಂಶವಿದೆ. ಹುರುಳಿ, ಹೆಸರು, ರಾಗಿಗಳನ್ನು ನೆನೆಸಿ ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ತಗ್ಗುತ್ತದೆ. ಮೊಳಕೆಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದೊಡನೆ ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ತಿನ್ನುವುದು ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟ ಮುಗಿದೊಡನೆ ಚಹಾ ಕುಡಿಯುವ ಅಭ್ಯಾಸ ಇದಕ್ಕೆ ನೇರ ವಿರೋಧಿ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ.

ಬಿ12 ಜೀವಸತ್ವ ಸಸ್ಯಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿಯೂ ಆಮ್ಲಪಿತ್ತದ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲಿಯೂ ಇದರ ಕೊರತೆ ಹೆಚ್ಚು. ಅಂಥವರು ಪರೀಕ್ಷೆ ಮಾಡಿಸಿಕೊಂಡು ಮಾತ್ರೆಯನ್ನೋ ಚುಚ್ಚುಮದ್ದನ್ನೋ ಪಡೆಯಬೇಕು.

ಸೊಪ್ಪಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ನುಗ್ಗೆ, ಹರಿವೆ, ಮೆಂತ್ಯ, ಪಾಲಕ್ ಸೊಪ್ಪುಗಳಲ್ಲಿ ಕೆ ಜೀವಸತ್ವ ಹೇರಳ. ಅದು ವಾರ್ಫರಿನ್ ಮತ್ತು ನಿಕೌಮಲೋನ್ ಔಷಧಗಳ ಪ್ರಭಾವವನ್ನು ತಗ್ಗಿಸುತ್ತದೆ. ರಕ್ತ ಹೆಚ್ಚಲೆಂದು ದಿಢೀರನೆ ದಿನವೂ ಸೊಪ್ಪು ತಿನ್ನಲಾರಂಭಿಸಿದರೆ ಐಎನ್‌ಆರ್ ಇಳಿದು ಹೆಪ್ಪುಗಟ್ಟುವ ಭಯ. ಪೂರ್ತಿ ಬಿಟ್ಟರೆ ಅದು ಏರಿ ರಕ್ತಸ್ರಾವದ ಭಯ. ಸೊಪ್ಪನ್ನು ಬಿಡಬೇಕಿಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ತಿನ್ನಬೇಕು. ಶ್ರಾವಣದ ಉಪವಾಸ, ಸೋಮವಾರದ ಒಪ್ಪೊತ್ತು ಇತ್ಯಾದಿ ವ್ರತಗಳಿಂದ ಆಹಾರ ಬದಲಾಗುವವರು ಮೊದಲೇ ವೈದ್ಯರಿಗೆ ತಿಳಿಸುವುದು ಮೇಲು. ವ್ರತದ ದಿನವೂ ಮಾತ್ರೆ ತಪ್ಪಬಾರದು.

ಎಲ್ಲಿ, ಹೇಗೆ

ನಾಡಿ ನೋಡಿಕೊಳ್ಳಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಮನಸ್ಸು ಶಾಂತವಾಗಿರುವಾಗ, ಹೆಬ್ಬೆರಳಿನ ಬುಡದ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸಿ. ಮಿಡಿತಗಳ ನಡುವಿನ ಅಂತರ ಸಮವಾಗಿಲ್ಲದಿದ್ದರೆ ಇಸಿಜಿ ಮಾಡಿಸಿ. ಅಂಗೈ, ನಾಲಿಗೆ, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಚಳ್ಳಕೆರೆ ಮತ್ತು ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎರಡೂ ಪರೀಕ್ಷೆಗೆ ಮೊದಲು ವಿಚಾರಿಸಬಹುದು. ಮುಂದಿನ ತಪಾಸಣೆಗೆ ಚಿತ್ರದುರ್ಗ, ದಾವಣಗೆರೆ, ಮೊಳಕಾಲ್ಮುರಿನವರಿಗೆ ಹತ್ತಿರವಾದ ಬಳ್ಳಾರಿ ಇವೆ. ಅಬ್ಲೇಷನ್‌ನಂಥ ವಿಶೇಷ ಚಿಕಿತ್ಸೆಗೆ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯಂಥ ಕೇಂದ್ರಗಳಿಗೆ ಹೋಗಬೇಕಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವುಂಟು. ತಮಗೆ ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ, ಶಿಫಾರಸು ಪತ್ರ ಬೇಕೇ ಎಂಬುದನ್ನು ಹೊರಡುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು.

ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ, ಎದೆನೋವು ಬಂದರೆ, ರಕ್ತ ವಾಂತಿಯಾದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಬಳಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು, ರಕ್ತ ತೆಳುವಾಗಿಸುವ ಔಷಧದ ಹೆಸರು ಎದ್ದು ಕಾಣುವಂತೆ ಬರೆದು, ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ಕಾಯಕಕ್ಕೆ ಕಾಯವೇ ಸಾಧನ. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಂದಿರು, ನೋವನ್ನು ನುಂಗಿ ಮಗ್ಗದ ಮುಂದೆ ಕೂರುವ ಹಿರಿಯರು ತಮ್ಮ ಆಯಾಸವನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ. ಅವರನ್ನು ಕೇಳಿ ತಿಳಿದು, ಒಮ್ಮೆ ನಾಡಿ ಹಿಡಿದು ನೋಡಿ, ಒಂದು ಹನಿ ರಕ್ತದ ಪರೀಕ್ಷೆ ಮಾಡಿಸುವುದು ಮಕ್ಕಳು ಸೊಸೆಯಂದಿರ ಹೊಣೆ. ಈ ತಿಂಗಳು ತಪ್ಪದೆ ಅದನ್ನು ಮಾಡಿಸಿರಿ.